ಕಮಾಂಡ್ ಹೊಡೆದಾಯ್ತು, ಫೈಲುಗಳು ಬಂದವು. ಮುಂದೇನು?

ಪ್ರಶ್ನೆ: ಮೇಡಂ, ನಮಸ್ತೆ. ನಾನು ಮಂಡ್ಯದ ಹತ್ತಿರದ ಹಳ್ಳಿಯವನು. ಡಿಪ್ಲೊಮಾ ಕೊನೇ ವರ್ಷ, ಕಂಪ್ಯೂಟರ್ ಸೈನ್ಸ್. ನಮ್ಮದೊಂದು ಸಣ್ಣ ಆಲೆಮನೆ ಇದೆ. ಕಾಲೇಜ್ ಪ್ರಾಜೆಕ್ಟಿಗೆ ನಮ್ಮ ಬೆಲ್ಲದ ರೇಟು, ಆರ್ಡರ್ ಎಲ್ಲ ತೋರಿಸುವ ವೆಬ್‌ಸೈಟ್ ಮಾಡೋಣ ಅಂತಿದ್ದೇನೆ. ಹಳೇ ವಿಡಿಯೋ ಒಂದನ್ನು ನೋಡಿ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಕಮಾಂಡ್ ಹಾಕಿದೆ. ಇದು ಡೆಪ್ರಿಕೇಟೆಡ್, ಅಂದರೆ ಇನ್ನು ಬಳಸಬೇಡಿ, ಅಂತ ಬಂತು. ವೀಟ್ ಹಾಕು ಅಂತ ಸ್ನೇಹಿತ ಹೇಳಿದ. ಹಾಕಿದರೆ ಕೆಂಪಕ್ಷರದಲ್ಲಿ ಎರರ್. ಕೊನೆಗೆ ಅವನ ಲ್ಯಾಪ್‌ಟಾಪ್‌ನಿಂದ ಇಡೀ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದೆ, ಕಾಪಿ ಆಗೋಕೇ ಒಂದು ಗಂಟೆ ಹಿಡೀತು. ಈಗ ಫೋಲ್ಡರ್ ಇದೆ, ಒಳಗಿರೋದು ಒಂದೂ ಅರ್ಥ ಆಗ್ತಿಲ್ಲ. ಇಂಡೆಕ್ಸ್ ಫೈಲ್ ಡಬಲ್ ಕ್ಲಿಕ್ ಮಾಡಿದರೆ ಖಾಲಿ ಪೇಜ್. ಸರಿಯಾಗಿ ಶುರು ಮಾಡೋದು ಹೇಗೆ? ಮಾಡಿದ ಮೇಲೆ ಅಪ್ಪನ ಫೋನ್‌ನಲ್ಲಿ ತೋರಿಸಬಹುದಾ?

ಉತ್ತರ: ಮೊದಲು ಆ ಪೆನ್‌ಡ್ರೈವ್ ಫೋಲ್ಡರನ್ನು ಡಿಲೀಟ್ ಮಾಡಿ. ಅದರಲ್ಲಿ ನೀವು ಇನ್ನೂ ಒಂದು ಸಾಲೂ ಬರೆದಿಲ್ಲ, ಹೋಗೋದು ಏನೂ ಇಲ್ಲ. ಸ್ನೇಹಿತನ ಫೋಲ್ಡರ್ ತಂದುಕೊಂಡರೆ ಅವನು ಹಾಕಿಕೊಂಡ ಪ್ಯಾಕೇಜು (ಬೇರೆಯವರು ಬರೆದಿಟ್ಟ ಸಿದ್ಧ ಕೋಡು), ಅವನು ಮಾಡಿದ ಬದಲಾವಣೆ, ಅವನ ತಪ್ಪು ಎಲ್ಲ ಜೊತೆಗೇ ಬರುತ್ತವೆ. ನಿಮ್ಮ ಲ್ಯಾಪ್‌ಟಾಪಿನಲ್ಲೇ, ನಿಮ್ಮ ಕೈಯಿಂದಲೇ ಶುರುವಾಗಲಿ. ಇಂಟರ್ನೆಟ್ ಚೆನ್ನಾಗಿದ್ದರೆ ಹತ್ತು ನಿಮಿಷದ ಕೆಲಸ. ಅದಾದ ಮೇಲೆ ಬಂದ ಫೈಲುಗಳನ್ನು ಓದೋಕೆ ಒಂದು ಸಂಜೆ ಎತ್ತಿಡಿ. ನಾನು ಇಲ್ಲಿ ಒತ್ತಿ ಹೇಳಬೇಕು ಅಂತಿರೋದು ಆ ಸಂಜೆಯ ಬಗ್ಗೆಯೇ. ಮೈಸೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರ ಪಕ್ಕ ಎಷ್ಟೋ ವರ್ಷ ಕೂತು ನೋಡಿದ್ದೇನೆ. ಕಮಾಂಡ್ ಗೊತ್ತಿಲ್ಲ ಅಂತ ಒದ್ದಾಡಿದವರು ಕಡಿಮೆ. ಕಮಾಂಡ್ ತಂದುಕೊಟ್ಟದ್ದನ್ನು ತೆರೆದೂ ನೋಡದೆ, ಮೂರು ತಿಂಗಳಾದ ಮೇಲೆ ಸಿಕ್ಕಿಹಾಕಿಕೊಂಡವರೇ ಜಾಸ್ತಿ.

ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಎಲ್ಲ ಇಂಗ್ಲಿಷಿನ ಸಣ್ಣ ಅಕ್ಷರ. ವೀಟ್ ಅನ್ನೋದನ್ನು ವಿ, ಐ, ಟಿ, ಇ ಅಂತ ಬರೆಯಬೇಕು. ಅದು ಫ್ರೆಂಚ್ ಪದ, ಬೇಗ ಅಂತ ಅರ್ಥ. ರಿಯಾಕ್ಟ್ ಅಂದರೆ ವೆಬ್ ಪುಟದ ಭಾಗಗಳನ್ನು ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ. ವೀಟ್ ಅಂದರೆ ಅಂಥ ಪ್ರಾಜೆಕ್ಟನ್ನು ಶುರು ಮಾಡಿ ಓಡಿಸಿಕೊಡುವ ಟೂಲ್.

ಹೊಸ ಪ್ರಾಜೆಕ್ಟನ್ನು ಹೀಗೆ ಕಮಾಂಡಿನಿಂದ ಎಬ್ಬಿಸೋದಕ್ಕೆ ಸ್ಕ್ಯಾಫೋಲ್ಡಿಂಗ್ ಅಂತಾರೆ. ಮನೆ ಕಟ್ಟುವಾಗ ಗಾರೆಯವರು ಕಂಬ, ಹಲಗೆ ಸೇರಿಸಿ ಕಟ್ಟುತ್ತಾರಲ್ಲ, ಆ ಸಾರುವೆಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಆದರೆ ಸಾರುವೆಯನ್ನು ಕೆಲಸ ಮುಗಿದ ಮೇಲೆ ಬಿಚ್ಚಿಕೊಂಡು ಹೋಗುತ್ತಾರೆ. ಇಲ್ಲಿ ಬಂದ ಫೈಲುಗಳು ಕೊನೇತನಕ ನಿಮ್ಮ ಪ್ರಾಜೆಕ್ಟಿನಲ್ಲೇ ಉಳಿಯುತ್ತವೆ. ಹಾಗಾಗಿ ನನಗೆ ಇದು ಪಾಯದ ಹಾಗೆ ಕಾಣುತ್ತದೆ. ಮೇಸ್ತ್ರಿ ಪಾಯ ಹಾಕಿ ಹೊರಡುತ್ತಾರೆ. ಪೈಪು ಎಲ್ಲಿ ಹೋಗಿದೆ, ಪಿಲ್ಲರ್ ಎಲ್ಲಿದೆ ಅಂತ ಆಮೇಲೆ ಮನೆಯವರಿಗೇ ಗೊತ್ತಿರಬೇಕು. ವೀಟ್‌ನ ಕ್ರಿಯೇಟ್ ಕಮಾಂಡ್ ಮಾಡೋದೂ ಅಷ್ಟೇ. ತನ್ನಲ್ಲಿರುವ ಮಾದರಿ ಫೋಲ್ಡರೊಂದನ್ನು ನಿಮ್ಮ ಡಿಸ್ಕಿಗೆ ಕಾಪಿ ಮಾಡುತ್ತದೆ, ನೀವು ಕೊಟ್ಟ ಹೆಸರು ಹಾಕುತ್ತದೆ, ಮುಗೀತು. ಆ ಕ್ಷಣದಿಂದ ಒಂದೊಂದು ಸಾಲೂ ನಿಮ್ಮದು.

ನೀವು ನೋಡಿದ ಹಳೇ ವಿಡಿಯೋ ಸುಳ್ಳು ಹೇಳಿಲ್ಲ. ಕ್ರಿಯೇಟ್ ರಿಯಾಕ್ಟ್ ಆ್ಯಪ್ ಬಂದದ್ದು 2016ರಲ್ಲಿ. ಆಗ ವೆಬ್‌ಪ್ಯಾಕ್, ಬೇಬೆಲ್ ಅನ್ನುವ ಟೂಲುಗಳನ್ನೆಲ್ಲ ಕೈಯಿಂದ ಜೋಡಿಸೋಕೇ ಎರಡು ದಿನ ಬೇಕಾಗುತ್ತಿತ್ತು. ಅದು ಬಂದು ದೊಡ್ಡ ಉಪಕಾರ ಮಾಡಿತು. ಎಲ್ಲ ಸೆಟ್ಟಿಂಗನ್ನೂ ಒಂದು ಪ್ಯಾಕೇಜಿನ ಒಳಗೆ ಮುಚ್ಚಿಟ್ಟು, ನೀವು ಸುಮ್ನೆ ಕೋಡ್ ಬರೀರಿ ಅಂದಿತು. ಹಲವು ವರ್ಷ ನಾನೂ ಅದನ್ನೇ ಬಳಸಿದ್ದೇನೆ. ಆಮೇಲೆ ಅದನ್ನು ನೋಡಿಕೊಳ್ಳುವವರು ಇಲ್ಲವಾದರು. 2025ರ ಫೆಬ್ರವರಿ 14ರಂದು ರಿಯಾಕ್ಟ್ ತಂಡವೇ, ಹೊಸ ಪ್ರಾಜೆಕ್ಟಿಗೆ ಇದು ಬೇಡ ಅಂತ ಅಧಿಕೃತವಾಗಿ ಹೇಳಿತು. ವೀಟ್ ಶುರುವಾದದ್ದು 2020ರಲ್ಲಿ. ರಿಯಾಕ್ಟ್ ತರದ್ದೇ ಆದ ವ್ಯೂ ಫ್ರೇಮ್‌ವರ್ಕ್ ಮಾಡಿದ ಎವಾನ್ ಯೂ ಅವರೇ ಇದನ್ನೂ ಮಾಡಿದ್ದು. ನಿಮ್ಮ ಸ್ನೇಹಿತ ಸರಿಯಾಗಿಯೇ ಹೇಳಿದ್ದಾರೆ.

ಈಗ ಕೆಲಸಕ್ಕೆ ಬರೋಣ. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಡಾಟ್ ಜೆಎಸ್ ಇದೆಯಾ ನೋಡಿ:

ನೋಡ್ -ವಿ

ವೀಟ್ 7ರಿಂದ ಈಚೆಗೆ, ನೋಡ್ 20ರ ಸಾಲಿನದಾದರೆ 20.19, 22ರ ಸಾಲಿನದಾದರೆ 22.12 ಇರಬೇಕು, ಇಲ್ಲವೇ ಅದಕ್ಕಿಂತ ಹೊಸದು. ಕಾಲೇಜ್ ಲ್ಯಾಬಿನ ಕಂಪ್ಯೂಟರುಗಳಲ್ಲಿ 16, 18 ಇರೋದು ಸಾಮಾನ್ಯ. ಹಳೇ ನೋಡ್ ಮೇಲೆ ಹೊಸ ವೀಟ್ ಹಾಕಿದರೆ ಬರುವ ಎರರ್ ಓದಿ ಕಾರಣ ಕಂಡುಹಿಡಿಯೋದು ಕಷ್ಟ. ಕ್ರಿಪ್ಟೋ ಅಂತೇನೋ ಹೇಳಬಹುದು, ನೋಡ್ ಹಳೇದು ಅನ್ನುವ ಸಾಲು ನಡುವೆ ಇದ್ದರೂ ಕಣ್ಣಿಗೆ ಬೀಳದೇ ಹೋಗಬಹುದು. ನೋಡ್‌ನ ವೆಬ್‌ಸೈಟಿಗೆ ಹೋಗಿ ಎಲ್‌ಟಿಎಸ್ (ಹೆಚ್ಚು ಕಾಲ ನೋಡಿಕೊಳ್ಳುವ ಆವೃತ್ತಿ) ಅಂತ ಬರೆದಿರುವುದನ್ನು ಇಳಿಸಿಕೊಳ್ಳಿ. ಪ್ಯಾಕೇಜುಗಳನ್ನು ಇಳಿಸಿಕೊಡುವ ಎನ್‌ಪಿಎಂ ಅದರ ಜೊತೆಗೇ ಬರುತ್ತದೆ.

ನಿಮ್ಮ ಕೆಂಪಕ್ಷರದ ವಿಷಯ. ನೀವು ಎರರ್ ಕಾಪಿ ಮಾಡಿ ಕಳಿಸಿಲ್ಲ. ಆದರೆ ವಿಂಡೋಸ್‌ನಲ್ಲಿ ಮೊದಲ ಸಲ ಎನ್‌ಪಿಎಂ ಬಳಸುವವರಿಗೆ ಬರೋದು ಹೆಚ್ಚಾಗಿ ಒಂದೇ. ಈ ಸಿಸ್ಟಮ್‌ನಲ್ಲಿ ಸ್ಕ್ರಿಪ್ಟ್ ಓಡಿಸೋದನ್ನು ನಿಲ್ಲಿಸಲಾಗಿದೆ ಅನ್ನುವ ಅರ್ಥದ ಸಾಲು ಅದರಲ್ಲಿರುತ್ತದೆ. ಇದಕ್ಕೂ ವೀಟ್‌ಗೂ ಸಂಬಂಧವೇ ಇಲ್ಲ. ವಿಂಡೋಸ್‌ನ ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಎನ್‌ಪಿಎಂ ಅಂತ ಹೊಡೆದರೆ ಅದು ಪವರ್‌ಶೆಲ್ ಸ್ಕ್ರಿಪ್ಟ್ ಫೈಲೊಂದನ್ನು ಓಡಿಸೋಕೆ ಹೋಗುತ್ತದೆ. ಅಂಥ ಫೈಲುಗಳನ್ನು ವಿಂಡೋಸ್ ಮೊದಲಿನಿಂದಲೇ ತಡೆದಿಟ್ಟಿರುತ್ತದೆ. ಸುಲಭದ ದಾರಿ ಅಂದರೆ ಪವರ್‌ಶೆಲ್ ಬಿಟ್ಟು ಹಳೇ ಕಮಾಂಡ್ ಪ್ರಾಂಪ್ಟ್ ತೆರೆಯೋದು. ಕೋಡ್ ಬರೆಯುವ ವಿಎಸ್ ಕೋಡ್ ಎಡಿಟರಿನಲ್ಲಾದರೆ ಟರ್ಮಿನಲ್ ಪಕ್ಕದ ಪ್ಲಸ್ ಗುರುತಿನ ಬಾಣ ಒತ್ತಿ ಕಮಾಂಡ್ ಪ್ರಾಂಪ್ಟ್ ಆರಿಸಿ. ಸದ್ಯಕ್ಕೆ ಇಷ್ಟು ಸಾಕು. ಎಕ್ಸಿಕ್ಯೂಷನ್ ಪಾಲಿಸಿ, ಅಂದರೆ ಸ್ಕ್ರಿಪ್ಟ್ ತಡೆಯುವ ಆ ಸೆಟ್ಟಿಂಗ್, ಬದಲಿಸಿ ಅಂತ ಯಾರಾದರೂ ಹೇಳಿಯಾರು. ಬದಲಿಸಲೇಬೇಕು ಅಂದರೆ ನಿಮ್ಮ ಯೂಸರ್‌ಗೆ ಮಾತ್ರ, ರಿಮೋಟ್‌ಸೈನ್ಡ್ ಅಂತ ಇಡಿ. ಅನ್‌ರಿಸ್ಟ್ರಿಕ್ಟೆಡ್ ಅಂತ ಮಾತ್ರ ಇಡಬೇಡಿ.

ಮುಂದೆ, ಜಾಗ. ಡೆಸ್ಕ್‌ಟಾಪ್ ಮೇಲೆ ಪ್ರಾಜೆಕ್ಟ್ ಮಾಡಬೇಡಿ. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಎಷ್ಟೋ ಸಲ ಒನ್‌ಡ್ರೈವ್‌ಗೆ ಸೇರಿಕೊಂಡಿರುತ್ತದೆ. ಸಾವಿರಾರು ಸಣ್ಣ ಫೈಲು ಬಂದ ಕೂಡಲೇ ಅದು ಒಂದೊಂದನ್ನೂ ಮೇಲಕ್ಕೆ ಕಳಿಸೋಕೆ ಹೊರಡುತ್ತದೆ, ಲ್ಯಾಪ್‌ಟಾಪ್ ಹೆಪ್ಪುಗಟ್ಟಿದ ಹಾಗೆ ಆಗುತ್ತದೆ. ಸಿ ಡ್ರೈವ್‌ನಲ್ಲಿ ಕೋಡ್ ಅಂತ ಒಂದು ಫೋಲ್ಡರ್ ಮಾಡಿ ಅದರೊಳಗೆ ಹೋಗಿ. ಪ್ರಾಜೆಕ್ಟಿನ ಹೆಸರು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿರಲಿ, ನಡುವೆ ಜಾಗ ಬೇಡ. ನಾವು ಬೆಲ್ಲ ಅಂತಲೇ ಇಡೋಣ.

ಎನ್‌ಪಿಎಂ ಕ್ರಿಯೇಟ್ ವೀಟ್@ಲೇಟೆಸ್ಟ್ ಬೆಲ್ಲ -- --ಟೆಂಪ್ಲೇಟ್ ರಿಯಾಕ್ಟ್

ನಡುವೆ ಒಂಟಿಯಾಗಿ ನಿಂತಿರುವ ಆ ಎರಡು ಅಡ್ಡಗೆರೆ ಏನು ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲಿಂದ ಮುಂದಿನದು ನಿನಗಲ್ಲ, ಒಳಗಿನವರಿಗೆ ದಾಟಿಸು ಅಂತ ಎನ್‌ಪಿಎಂಗೆ ಹೇಳೋದು ಅದು. ಅದನ್ನು ಬಿಟ್ಟರೆ ಟೆಂಪ್ಲೇಟ್ ಮಾತನ್ನು ಎನ್‌ಪಿಎಂ ತನ್ನದೇ ಅಂದುಕೊಂಡು ಇಟ್ಟುಕೊಳ್ಳುತ್ತದೆ, ವೀಟ್‌ಗೆ ತಲುಪೋದಿಲ್ಲ. ಪವರ್‌ಶೆಲ್ ಕೆಲವು ಸಲ ಆ ಗೆರೆಗಳನ್ನು ತಾನೇ ನುಂಗಿಬಿಡುತ್ತದೆ. ಆಗ ರಿಯಾಕ್ಟ್ ಅಂತ ಹೇಳಿದ್ದರೂ ಯಾವ ಫ್ರೇಮ್‌ವರ್ಕ್ ಬೇಕು ಅಂತ ಮತ್ತೆ ಕೇಳುತ್ತದೆ. ಗಾಬರಿ ಬೇಡ, ಬಾಣದ ಕೀಲಿಯಿಂದ ರಿಯಾಕ್ಟ್, ಆಮೇಲೆ ಜಾವಾಸ್ಕ್ರಿಪ್ಟ್ ಆರಿಸಿ. ಹೊಸ ಆವೃತ್ತಿಗಳು ಇನ್ನೂ ಒಂದೆರಡು ಪ್ರಶ್ನೆ ಕೇಳಬಹುದು. ಈಗಲೇ ಇನ್‌ಸ್ಟಾಲ್ ಮಾಡಿ ಶುರು ಮಾಡಲಾ ಅಂದರೆ ಬೇಡ ಅನ್ನಿ. ಒಂದೊಂದೇ ಹೆಜ್ಜೆ ಹಾಕಿದರೆ ಯಾವುದು ಏನು ಮಾಡಿತು ಅಂತ ತಿಳಿಯುತ್ತದೆ.

ಒಂದು ಪ್ರಶ್ನೆ ಮಾತ್ರ ಕಣ್ಣಿಟ್ಟು ಓದಬೇಕು. ಹೆಸರಿನ ಬದಲು ಒಂದು ಚುಕ್ಕಿ ಕೊಟ್ಟರೆ, ಈಗ ನಿಂತಿರುವ ಫೋಲ್ಡರಿನಲ್ಲೇ ಮಾಡು ಅಂತ ಅರ್ಥ. ಅಲ್ಲಿ ಮೊದಲೇ ಫೈಲುಗಳಿದ್ದರೆ ಏನು ಮಾಡಲಿ ಅಂತ ಅದು ಕೇಳುತ್ತದೆ. ಅದರಲ್ಲಿ ಒಂದು ಆಯ್ಕೆ, ಇರುವುದನ್ನೆಲ್ಲ ತೆಗೆದು ಮುಂದುವರಿ ಅಂತ. ಕೆಲವು ವರ್ಷದ ಹಿಂದೆ ನನ್ನ ಪಕ್ಕ ಕೂತು ಕಲಿಯುತ್ತಿದ್ದ ಹುಡುಗನೊಬ್ಬ ಪ್ರಾಜೆಕ್ಟ್ ಅನ್ನುವ ಫೋಲ್ಡರಿನಲ್ಲಿ ನಿಂತು ಚುಕ್ಕಿ ಹಾಕಿದ. ಸೆಮಿಸ್ಟರ್ ಪೂರ್ತಿ ಮಾಡಿಕೊಂಡ ನೋಟ್ಸು, ರಿಪೋರ್ಟಿನ ಡ್ರಾಫ್ಟು, ಸ್ಕ್ಯಾನ್ ಮಾಡಿದ ಸರ್ಟಿಫಿಕೇಟು ಎಲ್ಲ ಅದರಲ್ಲೇ ಇತ್ತು. ಮುಂದುವರಿ ಅನ್ನುವ ಪದ ಒಂದೇ ಅವನ ಕಣ್ಣಿಗೆ ಬಿದ್ದದ್ದು. ಎಂಟರ್ ಒತ್ತಿದ. ಹೀಗೆ ಅಳಿಸಿದ್ದು ರೀಸೈಕಲ್ ಬಿನ್‌ಗೂ ಹೋಗೋದಿಲ್ಲ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ. ನೀವು ಚುಕ್ಕಿ ಹಾಕಬೇಡಿ, ಯಾವಾಗಲೂ ಹೊಸ ಹೆಸರು ಕೊಡಿ.

ಈ ಕಮಾಂಡಿನಲ್ಲಿ ಇನ್ನೊಂದು ವಿಷಯ ಅಡಗಿದೆ. ಎನ್‌ಪಿಎಂ ಕ್ರಿಯೇಟ್ ಮುಂದೆ ಯಾವ ಹೆಸರು ಹಾಕುತ್ತೀರೋ, ಕ್ರಿಯೇಟ್ ಅಡ್ಡಗೆರೆ ಆ ಹೆಸರು ಅಂತಿರುವ ಪ್ಯಾಕೇಜನ್ನು ಹುಡುಕಿ, ಇಳಿಸಿ, ನಿಮ್ಮ ಕಂಪ್ಯೂಟರಿನಲ್ಲಿ ಓಡಿಸುತ್ತದೆ. ವೀಟ್ ಅಂದರೆ ಕ್ರಿಯೇಟ್-ವೀಟ್. ಒಂದಕ್ಷರ ತಪ್ಪಿ, ಆ ತಪ್ಪು ಹೆಸರಿನಲ್ಲಿ ಬೇರೆ ಯಾರೋ ಪ್ಯಾಕೇಜ್ ಹಾಕಿದ್ದರೆ ಅವರ ಕೋಡ್ ನಿಮ್ಮಲ್ಲಿ ಓಡುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. 2017ರಲ್ಲಿ ಕ್ರಾಸ್-ಎನ್ವಿ ಅನ್ನುವ ಒಳ್ಳೇ ಪ್ಯಾಕೇಜಿನ ಹೆಸರಿನಿಂದ ಅಡ್ಡಗೆರೆಯೊಂದನ್ನು ಮಾತ್ರ ತೆಗೆದು, ಕ್ರಾಸ್‌ಎನ್ವಿ ಅಂತ ಯಾರೋ ಹಾಕಿದ್ದರು. ಅದನ್ನು ಇನ್‌ಸ್ಟಾಲ್ ಮಾಡಿದವರ ಕಂಪ್ಯೂಟರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು, ಅಂದರೆ ಪಾಸ್‌ವರ್ಡ್, ಕೀ ಇರುವ ಜಾಗವನ್ನೇ, ಅದು ಹೊರಗೆ ಕಳಿಸುತ್ತಿತ್ತು. ಎಂಟರ್ ಒತ್ತುವ ಮುಂಚೆ ಸ್ಪೆಲ್ಲಿಂಗ್ ನೋಡೋಕೆ ಎರಡು ಸೆಕೆಂಡ್ ಸಾಕು.

ಫೋಲ್ಡರ್ ಬಂತು. ಈಗ ಒಳಗೆ ಹೋಗಿ ಇನ್‌ಸ್ಟಾಲ್ ಮಾಡಿ:

ಸಿಡಿ ಬೆಲ್ಲ
ಎನ್‌ಪಿಎಂ ಇನ್‌ಸ್ಟಾಲ್

ಮೊದಲು ಬಂದದ್ದು ಹತ್ತು ಹದಿನೈದು ಫೈಲು ಅಷ್ಟೇ. ಈ ಎರಡನೇ ಕಮಾಂಡ್ ನೋಡ್ ಮಾಡ್ಯೂಲ್ಸ್ ಅನ್ನುವ ಫೋಲ್ಡರ್ ತುಂಬಿಸುತ್ತದೆ. ನಿಮ್ಮ ಪೆನ್‌ಡ್ರೈವ್ ಒಂದು ಗಂಟೆ ತೆಗೆದುಕೊಂಡದ್ದು ಇದರಿಂದಲೇ. ಫೈಲುಗಳು ಚಿಕ್ಕವು, ಲೆಕ್ಕ ಮಾತ್ರ ಸಾವಿರಗಟ್ಟಲೆ. ಈ ಫೋಲ್ಡರನ್ನು ಯಾವತ್ತೂ ಕಾಪಿ ಮಾಡಬಾರದು, ಮೇಲ್ ಮಾಡಬಾರದು, ಗಿಟ್‌ಗೆ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಟೂಲ್) ಹಾಕಬಾರದು. ಅಳಿಸಿದರೂ ಏನೂ ಆಗೋದಿಲ್ಲ, ಎನ್‌ಪಿಎಂ ಇನ್‌ಸ್ಟಾಲ್ ಅಂದರೆ ಮತ್ತೆ ಬರುತ್ತದೆ. ಕಾಲೇಜಿಗೆ ಒಪ್ಪಿಸುವಾಗಲೂ ಇದನ್ನು ತೆಗೆದು ಜಿಪ್ ಮಾಡಿ, ಉಳಿಯೋದು ಒಂದು ಫೋಟೋದಷ್ಟು ಗಾತ್ರ. ಇನ್‌ಸ್ಟಾಲ್ ಆಗುವಾಗ ವಲ್ನರಬಿಲಿಟಿ (ಭದ್ರತೆಯ ಲೋಪ) ಇಷ್ಟಿವೆ ಅಂತ ಬಂದರೆ, ಕೂಡಲೇ ಆಡಿಟ್ ಫಿಕ್ಸ್ ಜೊತೆ ಫೋರ್ಸ್ ಸೇರಿಸಿ ಹೊಡೆಯಬೇಡಿ. ಫೋರ್ಸ್ ಅಂದರೆ ಹೊಂದದ ಆವೃತ್ತಿಯನ್ನೂ ಬಲವಂತವಾಗಿ ತಂದು ಕೂರಿಸುತ್ತದೆ. ಸರಿಯಾಗಿದ್ದ ಪ್ರಾಜೆಕ್ಟನ್ನು ಅದರಿಂದಲೇ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಇನ್ನು ಒಂದಕ್ಷರ ಬರೆಯುವ ಮುಂಚೆ ಗಿಟ್. ಕ್ರಿಯೇಟ್ ರಿಯಾಕ್ಟ್ ಆ್ಯಪ್ ಇದನ್ನು ತಾನೇ ಮಾಡಿಕೊಡುತ್ತಿತ್ತು. ವೀಟ್ ಮಾಡೋದಿಲ್ಲ, ನೀವೇ ಗಿಟ್ ಇನಿಟ್ ಹೊಡೆಯಬೇಕು. ಆಮೇಲೆ ಬಂದ ಫೈಲುಗಳನ್ನು ಮುಟ್ಟದೆ, ಇದ್ದ ಹಾಗೇ ಮೊದಲ ಕಮಿಟ್ ಮಾಡಿ, ಅಂದರೆ ಗಿಟ್‌ನಲ್ಲಿ ದಾಖಲಿಸಿ. ಈ ಅಭ್ಯಾಸವೊಂದನ್ನು ನಾನು ಎಲ್ಲರಿಗೂ ಬಲವಂತ ಮಾಡಿ ಹೇಳುತ್ತೇನೆ. ಮೂರು ತಿಂಗಳಾದ ಮೇಲೆ ಏನೋ ಕೆಟ್ಟಿತು ಅನ್ನಿ. ಈ ಸಾಲು ಟೆಂಪ್ಲೇಟಿನದಾ, ನಾನು ಬರೆದದ್ದಾ ಅಂತ ಕೇಳಿದರೆ ಗಿಟ್ ತಕ್ಷಣ ತೋರಿಸುತ್ತದೆ. ವೈವಾದಲ್ಲಿ ಇದರಲ್ಲಿ ನೀವು ಮಾಡಿದ್ದೆಷ್ಟು ಅಂತ ಕೇಳಿದಾಗಲೂ ಅದೇ ನಿಮ್ಮ ಉತ್ತರ.

ಈಗ ಆ ಸಂಜೆ. ವಿಎಸ್ ಕೋಡ್‌ನಲ್ಲಿ ಫೋಲ್ಡರ್ ತೆರೆದು ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್‌ನಿಂದ ಶುರು ಮಾಡಿ. ಹದಿಮೂರು ಹದಿನಾಲ್ಕು ಸಾಲು ಅಷ್ಟೇ. ಎರಡನೇ ಸಾಲಿನಲ್ಲೇ ಲ್ಯಾಂಗ್ ಅಂತ ಇದೆ, ಅದರ ಮುಂದೆ ಇಎನ್. ಅಂದರೆ ಈ ಪುಟ ಇಂಗ್ಲಿಷಿನದು ಅಂತ ಬ್ರೌಸರಿಗೆ ಹೇಳಿದ ಹಾಗೆ. ನೀವು ಒಳಗೆ ಅಚ್ಚು ಬೆಲ್ಲ, ಉಂಡೆ ಬೆಲ್ಲ ಅಂತ ಕನ್ನಡದಲ್ಲಿ ಬರೆದು ಇದನ್ನು ಹಾಗೇ ಬಿಟ್ಟರೆ, ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದೋಕೆ ಹೋಗುತ್ತದೆ. ಇಎನ್ ತೆಗೆದು ಕೆಎನ್ ಅಂತ ಹಾಕಿ. ಎರಡಕ್ಷರದ ಕೆಲಸ. ಕನ್ನಡದ ಎಷ್ಟೋ ವೆಬ್‌ಸೈಟುಗಳಲ್ಲಿ ಈ ಎರಡಕ್ಷರ ಇಂಗ್ಲಿಷಿನದಾಗಿಯೇ ಉಳಿದುಬಿಟ್ಟಿದೆ. ಯಾರೂ ಆ ಫೈಲ್ ತೆರೆದು ನೋಡಿಲ್ಲ, ಅದಕ್ಕೆ. ನನಗೆ ಅದು ನಿಜಕ್ಕೂ ಬೇಜಾರಿನ ವಿಷಯ. ಕೆಳಗೆ ಟೈಟಲ್ ಇದೆ, ಅದನ್ನೂ ನಿಮ್ಮದಾಗಿಸಿ. ಯುಟಿಎಫ್-8 ಅಂತಿರುವ ಸಾಲನ್ನು ಮಾತ್ರ ಮುಟ್ಟಬೇಡಿ, ಕನ್ನಡ ಅಕ್ಷರ ಸರಿಯಾಗಿ ಬರೋಕೆ ಅದು ಬೇಕೇ ಬೇಕು.

ಅದೇ ಫೈಲಿನ ಕೊನೆಯಲ್ಲಿ ಸ್ಕ್ರಿಪ್ಟ್ ಸಾಲೊಂದಿದೆ. ಎಸ್‌ಆರ್‌ಸಿ ಫೋಲ್ಡರಿನ ಮೇನ್ ಡಾಟ್ ಜೆಎಸ್‌ಎಕ್ಸ್ ಕಡೆ ಬೆರಳು ತೋರಿಸುತ್ತದೆ. ನಿಮ್ಮ ಖಾಲಿ ಪೇಜಿನ ಕಾರಣ ಇಲ್ಲಿದೆ. ಡಬಲ್ ಕ್ಲಿಕ್ ಮಾಡಿದಾಗ ಬ್ರೌಸರ್ ಫೈಲನ್ನು ಡಿಸ್ಕಿನಿಂದ ನೇರವಾಗಿ ತೆರೆಯುತ್ತದೆ. ಹಾಗೆ ತೆರೆದ ಪುಟಕ್ಕೆ ಮಾಡ್ಯೂಲ್ ಸ್ಕ್ರಿಪ್ಟುಗಳನ್ನು ತರೋಕೆ ಬ್ರೌಸರ್ ಬಿಡೋದಿಲ್ಲ. ಬಿಟ್ಟಿದ್ದರೂ, ರಿಯಾಕ್ಟ್ ಕೋಡ್ ಬರೆಯುವ ಜೆಎಸ್‌ಎಕ್ಸ್ ಅದಕ್ಕೆ ಅರ್ಥವಾಗುವ ಭಾಷೆಯಲ್ಲ. ನಡುವೆ ಒಬ್ಬರು ಕೂತು ಅದನ್ನು ಮಾಮೂಲಿ ಜಾವಾಸ್ಕ್ರಿಪ್ಟ್ ಮಾಡಿಕೊಡಬೇಕು. ಆ ಕೆಲಸಕ್ಕೇ ಈ ಕಮಾಂಡ್:

ಎನ್‌ಪಿಎಂ ರನ್ ಡೆವ್

ಹೊಡೆದರೆ ಲೋಕಲ್‌ಹೋಸ್ಟ್ 5173 ಅಂತ ವಿಳಾಸ ಕೊಡುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆಯಿರಿ. ಆ ಟರ್ಮಿನಲ್ ಮುಚ್ಚಬೇಡಿ, ಮುಚ್ಚಿದರೆ ಸರ್ವರ್ ನಿಲ್ಲುತ್ತದೆ.

ನೀವು ಆಲೆಮನೆಯವರು, ನಿಮಗೆ ಇದನ್ನು ಹೇಳೋದು ಸುಲಭ. ಡೆವ್ ಅನ್ನೋದು ರಸ್ತೆ ಬದಿಯ ಕಬ್ಬಿನ ಹಾಲಿನ ಗಾಡಿ ಇದ್ದ ಹಾಗೆ. ಗಿರಾಕಿ ಬಂದು ಕೇಳಿದಾಗ ಎರಡು ಜಲ್ಲೆ ಅರೆದು ಕೊಡುತ್ತಾರೆ. ಯಾರೂ ಕೇಳದ ಕಬ್ಬು ಹಾಗೇ ಇರುತ್ತದೆ. ಬ್ರೌಸರ್ ಯಾವ ಫೈಲ್ ಕೇಳುತ್ತದೋ ಅದನ್ನು ಮಾತ್ರ ವೀಟ್ ಆಗಲೇ ಮಾರ್ಪಡಿಸಿ ಕೊಡುತ್ತದೆ. ಅದಕ್ಕೇ ಅಷ್ಟು ಬೇಗ ಶುರುವಾಗೋದು. ಹಳೇ ಟೂಲುಗಳು ಇಡೀ ಗದ್ದೆಯ ಕಬ್ಬು ಅರೆದಾದ ಮೇಲೇ ಮೊದಲ ಲೋಟ ಕೊಡುತ್ತಿದ್ದವು. ಎನ್‌ಪಿಎಂ ರನ್ ಬಿಲ್ಡ್ ಅನ್ನೋದು ನಿಮ್ಮ ಆಲೆಮನೆ. ಎಲ್ಲ ಕಬ್ಬನ್ನೂ ಗಾಣಕ್ಕೆ ಕೊಟ್ಟು, ಕೊಪ್ಪರಿಗೆಯಲ್ಲಿ ಕಾಯಿಸಿ, ಕಸ ತೆಗೆದು, ಅಚ್ಚಿಗೆ ಹುಯ್ದು ಮಂಡಿಗೆ ಕಳಿಸುವ ಹಾಗೆ ಮಾಡೋದು. ಡಿಸ್ಟ್ ಅನ್ನುವ ಫೋಲ್ಡರಿನಲ್ಲಿ ಸಿಗೋದು ಆ ಅಚ್ಚು. ಊರಿಗೆಲ್ಲ ತೋರಿಸೋಕೆ ಹೋಸ್ಟ್ ಮಾಡಬೇಕಾದ್ದು ಅದನ್ನು ಮಾತ್ರ. ಡಿಸ್ಟ್ ಒಳಗಿನ ಇಂಡೆಕ್ಸ್ ಫೈಲನ್ನೂ ಡಬಲ್ ಕ್ಲಿಕ್ ಮಾಡಿದರೆ ಖಾಲಿಯೇ ಕಾಣುತ್ತದೆ, ಕಾರಣ ಹೆಚ್ಚುಕಡಿಮೆ ಅದೇ. ನೋಡಬೇಕಾದರೆ ಎನ್‌ಪಿಎಂ ರನ್ ಪ್ರಿವ್ಯೂ ಹೊಡೆಯಿರಿ.

ಪ್ಯಾಕೇಜ್ ಡಾಟ್ ಜೇಸನ್ ತೆರೆಯಿರಿ. ಡೆವ್, ಬಿಲ್ಡ್, ಪ್ರಿವ್ಯೂ ಅಂತ ನಾನು ಹೇಳಿದ್ದೆಲ್ಲ ಅಲ್ಲಿ ಸ್ಕ್ರಿಪ್ಟ್ಸ್ ಕೆಳಗೆ ಬರೆದಿದೆ. ಬೇರೆಯವರ ಯಾವುದೇ ಪ್ರಾಜೆಕ್ಟ್ ಸಿಕ್ಕರೂ ಮೊದಲು ಇಲ್ಲಿ ನೋಡಿದರೆ ಹೇಗೆ ಓಡಿಸೋದು ಅಂತ ಗೊತ್ತಾಗುತ್ತದೆ. ಕೆಳಗೆ ಎರಡು ಪಟ್ಟಿ. ಡಿಪೆಂಡೆನ್ಸೀಸ್‌ನಲ್ಲಿ ರಿಯಾಕ್ಟ್ ಇದೆ, ಅದು ನಿಮ್ಮ ಗಿರಾಕಿಯ ಫೋನಿನ ತನಕ ಹೋಗುತ್ತದೆ. ಡೆವ್ ಡಿಪೆಂಡೆನ್ಸೀಸ್‌ನಲ್ಲಿ ವೀಟ್ ಇದೆ, ಅದು ನಿಮ್ಮ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಕೊಪ್ಪರಿಗೆಯನ್ನು ಯಾರೂ ಮಂಡಿಗೆ ಕಳಿಸೋದಿಲ್ಲ ಅಲ್ವಾ? ಆವೃತ್ತಿಯ ಅಂಕಿಯ ಹಿಂದೆ ಟೋಪಿಯಂಥ ಒಂದು ಗುರುತಿದೆ, ^ ಹೀಗೆ. ^19.1.0 ಅಂತಿದ್ದರೆ 19ರ ಸಾಲಿನಲ್ಲಿ ಅದಕ್ಕಿಂತ ಹೊಸದು ಬಂದರೂ ಸರಿ, 20 ಮಾತ್ರ ಬೇಡ ಅಂತ ಅರ್ಥ. ಹಾಗಾದರೆ ನಿಮ್ಮಲ್ಲಿ 19.1, ಪ್ರಾಜೆಕ್ಟ್ ಪಾರ್ಟ್‌ನರ್ ಇದ್ದರೆ ಅವರ ಹತ್ತಿರ 19.2 ಬರಬಹುದು. ಹಾಗೆ ಆಗದಿರಲಿ ಅಂತಲೇ ಪ್ಯಾಕೇಜ್-ಲಾಕ್ ಫೈಲ್ ಇರೋದು. ಯಾವ ಪ್ಯಾಕೇಜಿನ ಯಾವ ಆವೃತ್ತಿ ಅಂತ ಅದರಲ್ಲಿ ಪಕ್ಕಾ ಬರೆದಿರುತ್ತದೆ. ದೊಡ್ಡದಾಗಿದೆ, ಓದೋಕಾಗಲ್ಲ ಅಂತ ಅದನ್ನು ಅಳಿಸಬೇಡಿ. ಗಿಟ್‌ಗೆ ಹಾಕಿ. ಪಾರ್ಟ್‌ನರ್ ತಮ್ಮ ಲ್ಯಾಪ್‌ಟಾಪಿನಲ್ಲಿ ಎನ್‌ಪಿಎಂ ಸಿಐ ಅಂತ ಹೊಡೆದರೆ ನಿಮ್ಮಲ್ಲಿ ಇದ್ದದ್ದೇ ಅಲ್ಲೂ ಬರುತ್ತದೆ.

ಗಿಟ್‌ಇಗ್ನೋರ್ ಫೈಲ್ ಚಿಕ್ಕದು, ಅದರಲ್ಲಿ ಒಂದು ಕೊರತೆ ಇದೆ. ನೋಡ್ ಮಾಡ್ಯೂಲ್ಸ್, ಡಿಸ್ಟ್, ಲೋಕಲ್ ಅಂತ ಕೊನೆಯಾಗುವ ಫೈಲುಗಳು, ಇವನ್ನು ಗಿಟ್‌ಗೆ ಹೋಗದ ಹಾಗೆ ಅದು ತಡೆಯುತ್ತದೆ. ಕೀ, ಪಾಸ್‌ವರ್ಡ್ ಇಡುವ ಡಾಟ್ ಎನ್ವಿ ಫೈಲನ್ನು ತಡೆಯೋದಿಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಸಣ್ಣ ಕಂಪನಿಯೊಂದರಲ್ಲಿ ಮ್ಯಾಪ್ ಸೇವೆಯ ಕೀಯನ್ನು ಡಾಟ್ ಎನ್ವಿಯಲ್ಲಿ ಇಟ್ಟಿದ್ದೆವು. ಟೆಂಪ್ಲೇಟ್ ನೋಡಿಕೊಂಡಿರುತ್ತದೆ ಅಂತ ಎಲ್ಲರೂ ನಂಬಿದ್ದೆವು. ಎಲ್ಲರಿಗೂ ಕಾಣುವ ರೆಪೊಸಿಟರಿಗೆ, ಅಂದರೆ ಗಿಟ್‌ನ ಕೋಡ್ ಸಂಗ್ರಹಕ್ಕೆ, ಅದು ಹೋಯಿತು. ಯಾರೋ ಎತ್ತಿಕೊಂಡು ಬಳಸಿದರು, ಬಿಲ್ ನಮಗೆ ಬಂತು. ನೀವು ಆ ಫೈಲಿಗೆ ಡಾಟ್ ಎನ್ವಿ ಅಂತ ಒಂದು ಸಾಲು ಇವತ್ತೇ ಸೇರಿಸಿ. ಅದರ ಜೊತೆಗೆ ಇನ್ನೂ ಒಂದು ತಿಳಿದಿರಲಿ. ವೀಟ್ ಅಂಡರ್‌ಸ್ಕೋರ್ ಅಂತ ದೊಡ್ಡ ಅಕ್ಷರದಲ್ಲಿ ಶುರುವಾಗುವ ವೇರಿಯಬಲ್‌ಗಳು ಬಿಲ್ಡ್ ಆದಾಗ ಕೋಡಿನೊಳಗೇ ಸೇರಿಹೋಗುತ್ತವೆ. ಬ್ರೌಸರಿನಲ್ಲಿ ಎಫ್ 12 ಒತ್ತಿದ ಯಾರು ಬೇಕಾದರೂ ಓದಬಹುದು. ಪೇಮೆಂಟಿನ ಗುಟ್ಟಿನ ಕೀಗೆ ಅದು ಜಾಗವೇ ಅಲ್ಲ.

ಉಳಿದವನ್ನು ಬೇಗ ನೋಡಿಬಿಡಿ. ವೀಟ್ ಕಾನ್ಫಿಗ್‌ನಲ್ಲಿ ರಿಯಾಕ್ಟ್ ಪ್ಲಗಿನ್ ಹೆಸರಿದೆ, ಸದ್ಯಕ್ಕೆ ಮುಟ್ಟಬೇಡಿ. ಗಿಟ್‌ಹಬ್ ಪೇಜಸ್ ಅನ್ನುವ ಹೋಸ್ಟಿಂಗ್ ಸೇವೆಯಲ್ಲಿ ಹಾಕುವ ದಿನ ಅಲ್ಲಿ ಬೇಸ್ ಅಂತ ಒಂದು ಸಾಲು ಸೇರಿಸಿ, ರೆಪೊಸಿಟರಿಯ ಹೆಸರು ಕೊಡಬೇಕು. ಇಲ್ಲದಿದ್ದರೆ ಮತ್ತೆ ಖಾಲಿ ಪೇಜ್. ಈಎಸ್‌ಲಿಂಟ್ ಫೈಲ್ ತಪ್ಪು ಹುಡುಕುವ ನಿಯಮಗಳದ್ದು. ಪಬ್ಲಿಕ್ ಫೋಲ್ಡರಿಗೆ ಹಾಕಿದ ಚಿತ್ರ ಅದೇ ಹೆಸರಿನಲ್ಲಿ ಡಿಸ್ಟ್‌ಗೆ ಹೋಗುತ್ತದೆ. ಮೇನ್ ಡಾಟ್ ಜೆಎಸ್‌ಎಕ್ಸ್‌ನಲ್ಲಿ ಸ್ಟ್ರಿಕ್ಟ್ ಮೋಡ್ ಅಂತಿದೆ. ಡೆವ್‌ನಲ್ಲಿ ಕನ್ಸೋಲ್ ಸಾಲುಗಳು ಎರಡೆರಡು ಸಲ ಬಂದರೆ ಅದರಿಂದಲೇ, ನಿಮ್ಮ ತಪ್ಪಲ್ಲ.

ಸಿಎಸ್‌ಎಸ್‌ನಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಿ. ಟೆಂಪ್ಲೇಟ್ ಬರೆದವರ ಮನಸ್ಸಿನಲ್ಲಿ ಇಂಗ್ಲಿಷ್ ಅಕ್ಷರ ಇತ್ತು. ನಾನು ಬಳಸಿದ ಟೆಂಪ್ಲೇಟುಗಳಲ್ಲಿ ದೊಡ್ಡ ಹೆಡಿಂಗ್‌ಗೆ ಲೈನ್ ಹೈಟ್ 1.1 ಅಂತ ಇತ್ತು. ಇಂಗ್ಲಿಷಿಗೆ ಅದು ಚೆಂದ. ನಮ್ಮಲ್ಲಿ ಮಂಡ್ಯದ ಅಚ್ಚು ಬೆಲ್ಲ ಅಂತ ಹಾಕಿ, ಫೋನಿನ ಅಗಲಕ್ಕೆ ಅದು ಎರಡು ಸಾಲಾಗಲಿ. ಮೇಲಿನ ಸಾಲಿನ ಒತ್ತಕ್ಷರ ಇಳಿದು ಕೆಳಗಿನ ಸಾಲಿನ ಅಕ್ಷರಗಳ ತಲೆಗೆ ತಾಗುತ್ತದೆ. ಎರಡು ಸಾಲೂ ಒಂದರ ಮೇಲೊಂದು ಹತ್ತಿ ಕೂತ ಹಾಗೆ ಕಾಣುತ್ತದೆ. ಅದನ್ನು 1.5 ಮಾಡಿ. ಒಳಗಿನ ಬರಹಕ್ಕೆ 1.7 ಇದ್ದರೆ ಓದೋಕೆ ಹಾಯಾಗಿರುತ್ತದೆ. ಫಾಂಟ್ ಪಟ್ಟಿಯಲ್ಲಿ ಇಂಗ್ಲಿಷ್ ಫಾಂಟುಗಳದ್ದೇ ಹೆಸರು, ಹಾಗಾಗಿ ಕನ್ನಡಕ್ಕೆ ಆಯಾ ಫೋನು, ಕಂಪ್ಯೂಟರ್ ತನ್ನಲ್ಲಿ ಏನಿದೆಯೋ ಅದನ್ನು ಹಾಕುತ್ತದೆ. ಎಲ್ಲ ಕಡೆ ಒಂದೇ ತರ ಕಾಣಬೇಕಾದರೆ ನೋಟೋ ಸ್ಯಾನ್ಸ್ ಕನ್ನಡ ಸೇರಿಸಿಕೊಳ್ಳಿ, ಉಚಿತವಾಗಿ ಸಿಗುತ್ತದೆ.

ಇನ್ನೊಂದನ್ನೂ ಮುಚ್ಚುಮರೆ ಇಲ್ಲದೆ ಹೇಳಬೇಕು. ಬರೀ ರೇಟು, ಫೋನ್ ನಂಬರು, ನಾಲ್ಕು ಫೋಟೋ ತೋರಿಸೋದಾದರೆ ರಿಯಾಕ್ಟ್ ಬೇಡ. ವೀಟ್ ಕೂಡ ಬೇಡ. ಒಂದು ಎಚ್‌ಟಿಎಂಎಲ್, ಒಂದು ಸಿಎಸ್‌ಎಸ್ ಫೈಲ್ ಸಾಕು, ಹಳ್ಳಿಯ ನಿಧಾನ ನೆಟ್‌ವರ್ಕ್‌ನಲ್ಲೂ ತಟ್ಟನೆ ತೆರೆಯುತ್ತದೆ. ಆದರೆ ನೀವು ಆರ್ಡರ್ ಅಂದಿದ್ದೀರಿ. ಕೆಜಿ ಬದಲಿಸಿದ ಹಾಗೆ ಮೊತ್ತ ಬದಲಾಗಬೇಕು, ಬೆಲ್ಲದ ಬಗೆ ಆರಿಸಬೇಕು, ಪಟ್ಟಿ ಬೆಳೆಯಬೇಕು. ಅಲ್ಲಿ ರಿಯಾಕ್ಟ್ ಉಪಯೋಗಕ್ಕೆ ಬರುತ್ತದೆ, ಕಲಿತ ಹಾಗೂ ಆಗುತ್ತದೆ. ಹಾಗಾಗಿ ನಿಮ್ಮ ಆಯ್ಕೆಗೆ ನನ್ನ ಒಪ್ಪಿಗೆ ಇದೆ.

ಕೊನೆಗೆ ಅಪ್ಪನ ಫೋನ್. ಖಂಡಿತ ತೋರಿಸಬಹುದು, ಹೋಸ್ಟಿಂಗ್ ಇಲ್ಲದೆಯೇ. ಓಡುತ್ತಿರುವ ಸರ್ವರನ್ನು ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ಹೀಗೆ ಹೊಡೆಯಿರಿ:

ಎನ್‌ಪಿಎಂ ರನ್ ಡೆವ್ -- --ಹೋಸ್ಟ್

ಈ ಸಲ ಲೋಕಲ್ ಅನ್ನುವ ವಿಳಾಸದ ಕೆಳಗೆ ನೆಟ್‌ವರ್ಕ್ ಅಂತ ಇನ್ನೊಂದು ಬರುತ್ತದೆ, ಸಾಮಾನ್ಯವಾಗಿ 192.168ರಿಂದ ಶುರುವಾಗೋದು. ಫೋನೂ ಲ್ಯಾಪ್‌ಟಾಪೂ ಒಂದೇ ವೈಫೈನಲ್ಲಿರಬೇಕು. ಮನೆಯಲ್ಲಿ ವೈಫೈ ಇಲ್ಲದಿದ್ದರೆ ಅಪ್ಪನ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿ, ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ವಿಳಾಸವನ್ನು ಕೊನೆಯ 5173 ಸಮೇತ ಫೋನಿನ ಬ್ರೌಸರಿನಲ್ಲಿ ಹೊಡೆಯಿರಿ. ವಿಂಡೋಸ್ ಫೈರ್‌ವಾಲ್ ನೋಡ್‌ಗೆ ಅನುಮತಿ ಕೊಡಲಾ ಅಂತ ಕೇಳಿದರೆ ಪ್ರೈವೇಟ್ ನೆಟ್‌ವರ್ಕ್‌ಗೆ ಕೊಡಿ. ತೆರೆಯದೇ ಹೋದರೆ ಹತ್ತರಲ್ಲಿ ಎಂಟು ಸಲ ಆ ಫೈರ್‌ವಾಲೇ ಕಾರಣ. ಸೇರಿರುವ ನೆಟ್‌ವರ್ಕನ್ನು ವಿಂಡೋಸ್ ಪಬ್ಲಿಕ್ ಅಂತ ಗುರುತಿಸಿಕೊಂಡಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಮಾಡಿ. ಕಾಲೇಜು, ಬಸ್‌ಸ್ಟ್ಯಾಂಡಿನಂಥ ಕಡೆ ವೈಫೈನಲ್ಲಿ ಮಾತ್ರ ಹೋಸ್ಟ್ ಹಾಕಬೇಡಿ, ಅಲ್ಲಿರುವ ಬೇರೆಯವರಿಗೂ ತೆರೆದಿಟ್ಟ ಹಾಗಾಗುತ್ತದೆ.

ಪುಟ ತೆರೆದ ಮೇಲೆ ಫೋನನ್ನು ಅಪ್ಪನ ಕೈಗೇ ಕೊಡಿ, ನೀವು ಒತ್ತಿ ತೋರಿಸಬೇಡಿ. ಆಲೆಮನೆ ಹತ್ತಿರ ಬಿಸಿಲಿನಲ್ಲಿ ನಿಂತು ಅವರು ಅಚ್ಚು ಬೆಲ್ಲ ಹತ್ತು ಕೆಜಿ ಆರ್ಡರ್ ಹಾಕಲಿ. ಎಲ್ಲಿ ಕಣ್ಣು ಕಿರಿದು ಮಾಡಿದರು, ಯಾವ ಬಟನ್ ಎರಡು ಸಲ ಒತ್ತಿದರು ಅಂತ ಬರೆದುಕೊಳ್ಳಿ. ನಿಮ್ಮ ಎರಡನೇ ಕಮಿಟ್ ಆ ಪಟ್ಟಿಯಿಂದ ಶುರುವಾಗಲಿ.